ಮೊದಲು ಗಾಳಿ ಹುಡುಕಿ: ಹಳೇ ಹಾಯಿಹಡಗಿನ ಚಿತ್ರ ಓದುವ ಬಗೆ

ಚಿತ್ರ ತೆರೆದ ಕೂಡಲೇ ಹಡಗನ್ನು ನೋಡಬೇಡಿ. ಬಾವುಟ ನೋಡಿ. ಅದು ಯಾವ ಕಡೆ ಹಾರುತ್ತಿದೆ? ಆಮೇಲೆ ಹಾಯಿ ನೋಡಿ. ಅದು ಯಾವ ಕಡೆ ಉಬ್ಬಿದೆ? ಎರಡೂ ಒಂದಕ್ಕೊಂದು ಹೊಂದಿದರೆ ಮುಂದಕ್ಕೆ ಹೋಗಬಹುದು. ಹೊಂದದಿದ್ದರೆ ಒಂದೋ ಚಿತ್ರ ಬರೆದವನಿಗೆ ಹಡಗು ಗೊತ್ತಿಲ್ಲ, ಇಲ್ಲಾ ನಮಗೆ ಅರ್ಥವಾಗದ ಏನೋ ಅಲ್ಲಿ ನಡೆಯುತ್ತಿದೆ.

ಇದನ್ನು ನನಗೆ ಹೇಳಿಕೊಟ್ಟವರು ಕಲಾ ವಿಮರ್ಶಕರಲ್ಲ. ಮಂಗಳೂರಿನಲ್ಲಿ ನಮ್ಮ ದೊಡ್ಡಮ್ಮನ ಮನೆಯ ಚಾವಡಿಯಲ್ಲಿ ಒಂದು ಕ್ಯಾಲೆಂಡರ್ ಚಿತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಮೂರು ಕಂಬದ ಹಡಗು, ಉಬ್ಬಿದ ಹಾಯಿಗಳು, ಕಿತ್ತಳೆ ಬಣ್ಣದ ಆಕಾಶ. ಪಕ್ಕದ ಮನೆಯ ಅಜ್ಜ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿಯಲ್ಲಿ, ಅಂದರೆ ಸರಕಿನ ಮರದ ಹಡಗಿನಲ್ಲಿ, ತಾಂಡೇಲರಾಗಿದ್ದವರು, ಹಡಗು ನಡೆಸುವ ಮುಖ್ಯಸ್ಥರು. ಒಂದು ದಿನ ಕಾಫಿ ಕುಡಿಯುತ್ತಾ ಆ ಚಿತ್ರವನ್ನೇ ನೋಡುತ್ತಾ ಕೂತಿದ್ದರು. ಆಮೇಲೆ "ಎಂತ ಮಾರಾಯ, ಈ ಹಡಗಿಗೆ ಎರಡು ಗಾಳಿ ಉಂಟಾ?" ಅಂದರು. ಹಾಯಿಗಳೆಲ್ಲ ಮುಂದಕ್ಕೆ ಉಬ್ಬಿದ್ದವು. ಬಾವುಟ ಮಾತ್ರ ಬೈಕಿಗೆ ಕಟ್ಟಿದ ಬಾವುಟದ ಹಾಗೆ ಹಿಂದಕ್ಕೆ ಹಾರುತ್ತಿತ್ತು. ಹಿಂದಿನಿಂದ ಗಾಳಿ ಬಂದು ಹಡಗನ್ನು ತಳ್ಳುತ್ತಿದ್ದರೆ ಬಾವುಟವೂ ಮುಂದಕ್ಕೇ ಹಾರಬೇಕಲ್ವಾ? ಚಿಕ್ಕಂದಿನಿಂದ ನೋಡಿದ ಚಿತ್ರ ಅದು. ಒಮ್ಮೆಯೂ ನನಗೆ ಹೊಳೆದಿರಲಿಲ್ಲ.

ಅಲ್ಲಿಂದ ಹಿಡಿದ ಗೀಳು ಇದು. ಇಲ್ಲಿ ಹೇಳುವುದೆಲ್ಲ 19ನೇ ಶತಮಾನದಲ್ಲಿ ಯುರೋಪು, ಅಮೆರಿಕದ ಬಂದರುಗಳಲ್ಲಿ ಬರೆದ "ಹಡಗಿನ ಭಾವಚಿತ್ರ"ಗಳಿಗೆ ಹೊಂದುತ್ತದೆ. ಬಂದರಿನ ಬಾಗಿಲಲ್ಲಿ ಒಂದು ಹಾಯಿಹಡಗು, ಪಕ್ಕಕ್ಕೆ ತಿರುಗಿ ಪೂರ್ತಿ ಮೈ ತೋರಿಸುತ್ತಾ ನಿಂತಿರುತ್ತದೆ. ಹಿಂದೆ ಒಂದು ದೀಪಸ್ತಂಭ, ಒಂದಿಷ್ಟು ಗುಡ್ಡ, ಎರಡು ಮೂರು ದೋಣಿ. ನೀವೂ ಎಲ್ಲೋ ನೋಡಿಯೇ ಇರುತ್ತೀರಿ. ಉದಾಹರಣೆಗೆ ನಾನು ಲಿವರ್‌ಪೂಲ್ ಹಿಡಿದುಕೊಂಡಿದ್ದೇನೆ. ಈ ಕಸುಬು ಅಲ್ಲಿ ಜೋರಾಗಿತ್ತು. ರಾಬರ್ಟ್ ಸಾಲ್ಮನ್, ಮೈಲ್ಸ್ ವಾಲ್ಟರ್ಸ್, ಅವನ ಮಗ ಸ್ಯಾಮ್ಯುಯೆಲ್ ವಾಲ್ಟರ್ಸ್ (1811-1882) ಎಲ್ಲ ಅಲ್ಲಿ ಕೆಲಸ ಮಾಡಿದವರು.

ಇವರ ಗಿರಾಕಿಗಳು ಯಾರು ಅಂತ ನೆನಪಿಟ್ಟುಕೊಳ್ಳಿ. ಹಡಗಿನ ಕ್ಯಾಪ್ಟನ್, ಇಲ್ಲವೇ ಮಾಲೀಕ. ಮದುವೆ ಮನೆಯಲ್ಲಿ ಫೋಟೋ ತೆಗೆಸಿದವರ ಹಾಗೆ ಅವರಿಗೆ ತಮ್ಮದು ತಮ್ಮ ಹಾಗೇ ಕಾಣಬೇಕು. ಒಂದು ಹಗ್ಗ ತಪ್ಪು ಜಾಗದಲ್ಲಿ ಇದ್ದರೂ ಕ್ಯಾಪ್ಟನ್ ಗುರುತಿಸುತ್ತಿದ್ದ. ಆದ್ದರಿಂದ ಸಮುದ್ರದ ಅಲೆ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗಿದ್ದರೂ ಹಗ್ಗ, ಹಾಯಿ, ಬಾವುಟಗಳನ್ನು ನಂಬಬಹುದು. ನಾವು ಓದುವುದು ಅದನ್ನೇ.

ಶುರು ಮಾಡುವ ಮೊದಲು

ದೊಡ್ಡ ಫೈಲ್ ಬೇಕು. ವಾಟ್ಸ್ಯಾಪ್‌ನಲ್ಲಿ ಬಂದ ಚಿತ್ರದಲ್ಲಿ ಏನೂ ಕಾಣುವುದಿಲ್ಲ. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಹುಡುಕಿ, ಕೆಳಗೆ ಇರುವ ಮೂಲ ಫೈಲ್ ಇಳಿಸಿಕೊಳ್ಳಿ. ಅಡ್ಡಳತೆ 3000 ಪಿಕ್ಸೆಲ್ ದಾಟಿದ್ದರೆ ಒಳ್ಳೇದು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ, ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸಾವಿರಾರು ಚಿತ್ರಗಳನ್ನು ದೊಡ್ಡ ಅಳತೆಯಲ್ಲೇ ಪುಕ್ಕಟೆ ಕೊಡುತ್ತವೆ. ಬ್ರಿಟನ್ನಿನ ಸಾರ್ವಜನಿಕ ಸಂಗ್ರಹಗಳಲ್ಲಿ ಏನೇನಿದೆ ಅಂತ ನೋಡಲು ಆರ್ಟ್ ಯುಕೆ ತಾಣ ಇದೆ. ಫೋನಿಗಿಂತ ಲ್ಯಾಪ್‌ಟಾಪ್ ವಾಸಿ. ಪರದೆಯ ಬೆಳಕು ಜಾಸ್ತಿ ಮಾಡಿಕೊಳ್ಳಿ. ಹಳೇ ವಾರ್ನಿಷ್ ಕೆಳಗೆ ಕಪ್ಪು ಹಡಗಿನ ಮೈ ಬರೀ ಕಪ್ಪು ಮುದ್ದೆಯ ಹಾಗೆ ಕಾಣುತ್ತದೆ.

ಒಂದು ಹಾಳೆ, ಪೆನ್ಸಿಲ್ ಇರಲಿ.

ಮೊದಲ ಹೆಜ್ಜೆ: ಗಾಳಿ

ಹಾಳೆಯ ಮೇಲೆ ಹಡಗಿನದೊಂದು ಗೆರೆ ಎಳೆಯಿರಿ. ಮೂತಿ ಯಾವ ಕಡೆ ಅಂತ ಗುರುತು ಹಾಕಿ. ಈಗ ಗಾಳಿಗೆ ಒಂದು ಬಾಣ ಬರೆಯಬೇಕು. ಸಾಕ್ಷಿಗಳು ಮೂರು ಕಡೆ ಸಿಗುತ್ತವೆ.

ಒಂದು, ದಡದ ಮೇಲಿನ ಹೊಗೆ ಮತ್ತು ಬಾವುಟ. ಕೋಟೆಯ ಬಾವುಟ, ಮನೆ ಚಿಮಣಿ, ಸುಣ್ಣದ ಗೂಡು ಏನಾದರೂ ಸರಿ. ನೆಲ ಓಡುವುದಿಲ್ಲ. ಹಾಗಾಗಿ ಅಲ್ಲಿ ಕಾಣುವುದೇ ನಿಜವಾದ ಗಾಳಿ. ಎರಡು, ಹಡಗಿನ ಬಾವುಟ. ಇದು ಸ್ವಲ್ಪ ಮೋಸ ಮಾಡುತ್ತದೆ. ಹಡಗು ಓಡುತ್ತಿದ್ದರೆ ಅದರ ಓಟದ ಗಾಳಿಯೂ ಸೇರಿಕೊಳ್ಳುತ್ತದೆ. ಗಾಳಿ ಪಕ್ಕದಿಂದ ಬರುತ್ತಿದ್ದರೆ ಬಾವುಟ ಆಚೆ ಪಕ್ಕಕ್ಕೂ ಸ್ವಲ್ಪ ಹಿಂದಕ್ಕೂ ಹಾರುತ್ತದೆ. ಗಾಳಿ ಹಿಂದಿನಿಂದ ಇದ್ದರೆ ಹಡಗು ಗಾಳಿಗಿಂತ ಬೇಗ ಓಡಲಾರದು, ಹಾಗಾಗಿ ಬಾವುಟ ಮುಂದಕ್ಕೇ ವಾಲಬೇಕು. ದೊಡ್ಡಮ್ಮನ ಮನೆಯ ಕ್ಯಾಲೆಂಡರ್ ಸೋತಿದ್ದು ಇಲ್ಲೇ. ಮೂರು, ಹಾಯಿ. ಅಡ್ಡಕ್ಕೆ ಕಟ್ಟಿದ ಚೌಕ ಹಾಯಿಗಳು ಮುಂದಕ್ಕೆ ಉಬ್ಬಿದರೆ ಗಾಳಿ ಅವುಗಳ ಬೆನ್ನಿಗೆ ಬಡಿಯುತ್ತಿದೆ ಅಂತ.

ಉಗಿಹಡಗಿನ ಹೊಗೆಯನ್ನು ಕೊನೆಗೆ ನೋಡಿ. ಅದು ತಾನೇ ಓಡುತ್ತಾ ತನ್ನ ಗಾಳಿಯನ್ನು ತಾನೇ ಮಾಡಿಕೊಳ್ಳುತ್ತದೆ.

ಬಾಣ ಬರೆದ ಮೇಲೆ ಒಂದು ಲೆಕ್ಕ ನೋಡಿ. ಚೌಕ ಹಾಯಿಯ ದೊಡ್ಡ ಹಡಗುಗಳು ಗಾಳಿ ಬರುವ ದಿಕ್ಕಿಗೆ ನೇರ ಹೋಗಲಾರವು. ಮೂತಿಗೂ ಗಾಳಿಗೂ ನಡುವೆ ಸುಮಾರು 65-70 ಡಿಗ್ರಿ ಅಂತರ ಬೇಕು. ಅದಕ್ಕಿಂತ ಹತ್ತಿರ ಹೋದರೆ ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ಹಡಗು ನಿಲ್ಲುತ್ತದೆ. ಚಿತ್ರದಲ್ಲಿ ದೊಡ್ಡ ಹಡಗು ಗಾಳಿಯ ಎದುರಿಗೇ ತುಂಬಿದ ಹಾಯಿ ಇಟ್ಟುಕೊಂಡು ಹೋಗುತ್ತಿದ್ದರೆ, ಅದನ್ನು ಬರೆದವನು ಹಡಗು ಹತ್ತಿದವನಲ್ಲ.

ಎರಡನೇ ಹೆಜ್ಜೆ: ಹಡಗು ಓಡುತ್ತಿದೆಯೋ, ನಿಂತಿದೆಯೋ

ನಾನು ಮುಗ್ಗರಿಸಿದ್ದು ಇಲ್ಲಿ. ಅಜ್ಜನ ಪಾಠ ಆದ ಮೇಲೆ ಸಿಕ್ಕ ಸಿಕ್ಕ ಚಿತ್ರದಲ್ಲೆಲ್ಲ ತಪ್ಪು ಹುಡುಕುವ ಚಟ ಹತ್ತಿತ್ತು. ಒಂದು ಚಿತ್ರದಲ್ಲಿ ಮುಂದಿನ ಕಂಬದ ಹಾಯಿಗಳು ಚೆನ್ನಾಗಿ ಉಬ್ಬಿದ್ದವು. ನಡುವಿನ ಕಂಬದ ದೊಡ್ಡ ಹಾಯಿ ಮಾತ್ರ ಹಿಂದಕ್ಕೆ ಒತ್ತಿಕೊಂಡು ಕಂಬಕ್ಕೆ ಅಂಟಿದ ಹಾಗಿತ್ತು. "ನೋಡಿ, ಎರಡು ಗಾಳಿ!" ಅಂತ ಗೆಳೆಯರ ಗುಂಪಿಗೆ ದೊಡ್ಡದಾಗಿ ಬರೆದು ಹಾಕಿದೆ. ಅಜ್ಜನಿಗೂ ತೋರಿಸಿದೆ. ಅವರು ಫೋನ್ ಕಣ್ಣ ಹತ್ತಿರ ಹಿಡಿದು, "ಇದು ಸರಿ ಉಂಟು. ಹಡಗು ನಿಲ್ಲಿಸಿದ್ದಾರೆ. ಆ ಸಣ್ಣ ದೋಣಿ ಬರುವುದು ಕಾಣುವುದಿಲ್ಲವಾ ನಿನಗೆ?" ಅಂದರು.

ನಿಜ. ಹಾಯಿಹಡಗಿಗೆ ಬ್ರೇಕ್ ಇಲ್ಲ. ನಡುನೀರಿನಲ್ಲಿ ನಿಲ್ಲಿಸಬೇಕಾದರೆ ಒಂದು ಕಂಬದ ಹಾಯಿಯನ್ನು ತಿರುಗಿಸಿ ಗಾಳಿ ಅದರ ಎದೆಗೆ ಬಡಿಯುವ ಹಾಗೆ ಮಾಡುತ್ತಾರೆ. ಒಂದು ಹಾಯಿ ಮುಂದಕ್ಕೆ ಎಳೆಯುತ್ತದೆ, ಇನ್ನೊಂದು ಹಿಂದಕ್ಕೆ ತಳ್ಳುತ್ತದೆ. ಹಡಗು ಇದ್ದಲ್ಲೇ ತೂಗುತ್ತಾ ನಿಲ್ಲುತ್ತದೆ. ಬಂದರಿನ ಹತ್ತಿರ ಹೀಗೆ ನಿಲ್ಲುವುದು ಸಾಮಾನ್ಯವಾಗಿ ಪೈಲಟ್ ಹತ್ತಿಸಿಕೊಳ್ಳಲು. ಬಂದರಿನ ಮರಳುದಿಬ್ಬ, ಕಾಲುವೆ ಎಲ್ಲ ಗೊತ್ತಿರುವ ಸ್ಥಳೀಯ ಮಾರ್ಗದರ್ಶಿ ಅವನು. ಆ ಹಿಂದಕ್ಕೆ ಒತ್ತಿದ ಹಾಯಿ ಕಂಡರೆ ತಕ್ಷಣ ಪಕ್ಕದಲ್ಲಿ ಸಣ್ಣ ದೋಣಿ ಹುಡುಕಿ. ಸಿಕ್ಕರೆ ಚಿತ್ರದ ಕತೆ ಅರ್ಧ ಸಿಕ್ಕಿತು. ಗೆಳೆಯರ ಗುಂಪಿನಲ್ಲಿ ನಾನು ಹಾಕಿದ್ದನ್ನು ಅಳಿಸಿದೆ.

ಲಂಗರು ಹಾಕಿ ನಿಂತ ಹಡಗುಗಳದ್ದು ಬೇರೆ ಓದು. ಅವು ಲಂಗರಿನ ಸುತ್ತ ತಿರುಗಿ ಗಾಳಿಗೋ ನೀರಿನ ಸೆಳೆತಕ್ಕೋ ಮುಖ ಕೊಡುತ್ತವೆ. ಎಲ್ಲ ಹಡಗುಗಳೂ ಒಂದೇ ಕಡೆ ಮುಖ ಮಾಡಿವೆ, ಆದರೆ ಬಾವುಟಗಳು ಬೇರೆ ಕಡೆ ಹಾರುತ್ತಿವೆ ಅಂದರೆ ಗಾಳಿಗಿಂತ ಭರತ ಇಳಿತದ ಸೆಳೆತ ಜೋರಾಗಿದೆ.

ಮೂರನೇ ಹೆಜ್ಜೆ: ಕಂಬ ಎಣಿಸಿ, ಹಾಯಿ ಎಣಿಸಿ

ಹಾಯಿ ಹೊರುವ ಕಂಬಕ್ಕೆ ನಮ್ಮಲ್ಲಿ ಕೂವೆಮರ ಅನ್ನುತ್ತಾರೆ. ಮೊದಲು ಕೂವೆಮರ ಎಷ್ಟು ಅಂತ ಎಣಿಸಿ. ಆಮೇಲೆ ಪ್ರತಿಯೊಂದರಲ್ಲೂ ಹಾಯಿ ಅಡ್ಡಕ್ಕೆ ಕಟ್ಟಿದೆಯೋ, ಹಡಗಿನ ಉದ್ದಕ್ಕೆ ಕಟ್ಟಿದೆಯೋ ನೋಡಿ. ಮೂರು ಕಂಬ, ಮೂರರಲ್ಲೂ ಅಡ್ಡಹಾಯಿ ಇದ್ದರೆ ಆ ಕಾಲದವರ ಬಾಯಲ್ಲಿ ಅದು "ಶಿಪ್". ಉಳಿದವಕ್ಕೆ ಆ ಹೆಸರಿಲ್ಲ. ಮೂರು ಕಂಬ, ಆದರೆ ಕೊನೆಯದರಲ್ಲಿ ಉದ್ದಹಾಯಿ ಮಾತ್ರ ಇದ್ದರೆ ಬಾರ್ಕ್. ಎರಡು ಕಂಬ, ಎರಡರಲ್ಲೂ ಅಡ್ಡಹಾಯಿ ಇದ್ದರೆ ಬ್ರಿಗ್. ಬಹುತೇಕ ಎಲ್ಲ ಉದ್ದಹಾಯಿಯೇ ಇದ್ದರೆ ಸ್ಕೂನರ್. ಇದನ್ನು ಬರೆದಿಟ್ಟುಕೊಳ್ಳಿ, ಮುಂದೆ ಹಡಗಿನ ಹೆಸರು ಹುಡುಕುವಾಗ ಬೇಕಾಗುತ್ತದೆ.

ಕಾಲ ಗುರುತಿಸಲು ಒಂದು ಸುಲಭದ ಗುಟ್ಟು ಇದೆ. ಕೂವೆಮರದಲ್ಲಿ ಕೆಳಗಿನಿಂದ ಎರಡನೇ ಹಾಯಿಯನ್ನು ನೋಡಿ. ಅದರ ಹೆಸರು ಟಾಪ್‌ಸೇಲ್. ಹಳೇ ಹಡಗುಗಳಲ್ಲಿ ಅದು ಒಂದೇ ದೊಡ್ಡ ಹಾಯಿ, ತುಂಬಾ ಎತ್ತರ. ಗಾಳಿ ಎದ್ದಾಗ ಅದನ್ನು ಮಡಿಚಲು ಜನ ಸಾಲುಗಟ್ಟಿ ಮೇಲೆ ಹತ್ತಬೇಕು. 1850ರ ದಶಕದಲ್ಲಿ ಅಮೆರಿಕದ ಕ್ಯಾಪ್ಟನ್ ಹೌಸ್ ಎಂಬವನು ಅದನ್ನು ಅಡ್ಡಡ್ಡ ಸೀಳಿ ಎರಡು ಗಿಡ್ಡ ಹಾಯಿ ಮಾಡಿದ. ಕಡಿಮೆ ಜನ ಸಾಕಾಯಿತು. 1860ರ ದಶಕದ ಹೊತ್ತಿಗೆ ದೊಡ್ಡ ವ್ಯಾಪಾರಿ ಹಡಗುಗಳಲ್ಲಿ ಅದೇ ರೂಢಿ ಆಯಿತು. 1869ರಲ್ಲಿ ನೀರಿಗಿಳಿದ, ಈಗ ಗ್ರೀನಿಚ್‌ನಲ್ಲಿ ನಿಂತಿರುವ ಕಟ್ಟಿ ಸಾರ್ಕ್‌ನಲ್ಲೂ ಹೀಗೇ ಎರಡು ಇವೆ. ಚಿತ್ರದ ಕೆಳಗೆ 1835 ಅಂತ ಬರೆದಿದ್ದು ಮೇಲೆ ಸೀಳಿದ ಟಾಪ್‌ಸೇಲ್ ಕಂಡರೆ, ಆ ಇಸವಿಯನ್ನು ನಂಬಬೇಡಿ.

ಹಡಗಿನ ಮೈಗೆ ಬಿಳಿ ಪಟ್ಟಿ, ಅದರಲ್ಲಿ ಸಾಲಾಗಿ ಕಪ್ಪು ಚೌಕಗಳು ಇದ್ದರೆ "ಯುದ್ಧನೌಕೆ" ಅಂತ ಬರೆದುಬಿಡುವವರು ಜಾಸ್ತಿ. ತಾಳಿ. ಅವು ಬಹಳ ಸಲ ಬರೀ ಬಣ್ಣ. ದೂರದಿಂದ ನೋಡಿದರೆ ಫಿರಂಗಿ ಕಿಂಡಿಗಳ ಹಾಗೆ ಕಾಣಲಿ ಅಂತ ವ್ಯಾಪಾರಿ ಹಡಗುಗಳಿಗೂ ಹಾಗೆ ಬಳಿಯುತ್ತಿದ್ದರು. ಆಮೇಲೆ ಅದೇ ಒಂದು ಫ್ಯಾಷನ್ ಆಯಿತು. ಜೂಮ್ ಮಾಡಿ. ಕಿಂಡಿಯಿಂದ ಫಿರಂಗಿಯ ಮೂತಿ ಹೊರಗೆ ಬಂದಿದೆಯೇ? ಇಲ್ಲದಿದ್ದರೆ ಹೊಟ್ಟೆಯಲ್ಲಿ ಹತ್ತಿ ಮೂಟೆ ಇರಬಹುದು.

ನಾಲ್ಕನೇ ಹೆಜ್ಜೆ: ಬಾವುಟಗಳು

ಅವಸರ ಮಾಡಬೇಡಿ. ಇಡೀ ಚಿತ್ರದಲ್ಲಿ ಜಾಸ್ತಿ ಮಾತಾಡುವುದು ಬಾವುಟವೇ.

ಹಿಂಭಾಗದಲ್ಲಿ ಹಾರುವುದು ದೇಶದ ಬಾವುಟ. ಬ್ರಿಟಿಷ್ ವ್ಯಾಪಾರಿ ಹಡಗಾದರೆ ಕೆಂಪು ಬಾವುಟ, ಮೂಲೆಯಲ್ಲಿ ಯೂನಿಯನ್ ಜಾಕ್. ಆ ಜಾಕ್‌ನಲ್ಲಿ ಕೆಂಪು ಓರೆಗೆರೆ ಇದ್ದರೆ 1801 ಅಥವಾ ಅದರ ಮೇಲಿನದು. ಐರ್ಲೆಂಡ್ ಸೇರಿದ್ದು ಆಗ. ಇನ್ನೊಂದು ವಿಷಯ. 1864ರ ತನಕ ಬ್ರಿಟಿಷ್ ನೌಕಾಪಡೆಯೂ ಕೆಂಪು, ಬಿಳಿ, ನೀಲಿ ಮೂರನ್ನೂ ಬಳಸುತ್ತಿತ್ತು. ಆ ವರ್ಷದಿಂದ ಬಿಳಿ ನೌಕಾಪಡೆಗೆ, ಕೆಂಪು ವ್ಯಾಪಾರಿಗಳಿಗೆ ಅಂತ ಬೇರೆ ಮಾಡಿದರು. ಹಾಗಾಗಿ ಕೆಂಪು ಬಾವುಟ ಕಂಡ ಮಾತ್ರಕ್ಕೆ 1820ರ ಹಡಗನ್ನು ವ್ಯಾಪಾರಿ ಅನ್ನಲಾಗದು.

ಅಮೆರಿಕದ್ದಾದರೆ ನಕ್ಷತ್ರ ಎಣಿಸಿ. 1818ರ ಕಾಯ್ದೆ ಪ್ರಕಾರ ಹೊಸ ರಾಜ್ಯ ಸೇರಿದ ಮೇಲೆ ಬರುವ ಜುಲೈ 4ಕ್ಕೆ ಒಂದು ನಕ್ಷತ್ರ ಜಾಸ್ತಿ. 1818ರಲ್ಲಿ 20 ಇತ್ತು, 1848ರಲ್ಲಿ 30, 1861ರಲ್ಲಿ 34, 1877ರಲ್ಲಿ 38. ಚಿತ್ರಕಾರರು ಇಲ್ಲಿ ಸೋಮಾರಿತನ ಮಾಡಿದ್ದುಂಟು. ಅಂಗುಲದಷ್ಟು ಬಾವುಟದಲ್ಲಿ 34 ಚುಕ್ಕಿ ಇಡಲು ಯಾರಿಗೆ ತಾಳ್ಮೆ ಇದೆ? ಎಣಿಕೆ ಹೊಂದಿದರೆ ಸಂತೋಷ, ಹೊಂದದಿದ್ದರೆ ಅದೊಂದರಿಂದಲೇ ತೀರ್ಮಾನ ಬೇಡ.

ಕೆಂಪು ಬಿಳಿ ಅಡ್ಡಪಟ್ಟೆ, ಮೂಲೆಯಲ್ಲಿ ನಕ್ಷತ್ರದ ಬದಲು ಯೂನಿಯನ್ ಜಾಕ್ ಇದೆಯೇ? ಅದು ಅಮೆರಿಕ ಅಲ್ಲ, ನಮ್ಮ ಹಳೇ ಪರಿಚಯದ ಈಸ್ಟ್ ಇಂಡಿಯಾ ಕಂಪನಿ. 1833ರ ಕಾಯ್ದೆ ಕಂಪನಿಯ ವ್ಯಾಪಾರವನ್ನೇ ನಿಲ್ಲಿಸಿತು. ಹಾಗಾಗಿ ಸರಕು ತುಂಬಿದ ಹಡಗಿನ ಮೇಲೆ ಆ ಬಾವುಟ ಇದ್ದರೆ ಅದು ಬಹುತೇಕ ಅದಕ್ಕೂ ಹಿಂದಿನದು.

ನಡುವಿನ ಕೂವೆಮರದ ತುದಿಯಲ್ಲಿ ಸಾಮಾನ್ಯವಾಗಿ ಮಾಲೀಕರ ಬಾವುಟ. ಇವತ್ತಿನ ಕಂಪನಿ ಲೋಗೋ ಇದ್ದ ಹಾಗೆ. ಮುಂದಿನ ಕೂವೆಮರದ ತುದಿಯಲ್ಲಿ ಸುತ್ತ ಬಿಳಿ ಅಂಚಿರುವ ಯೂನಿಯನ್ ಜಾಕ್ ಇದ್ದರೆ "ನಮಗೆ ಪೈಲಟ್ ಬೇಕು" ಅಂತ. ಎರಡನೇ ಹೆಜ್ಜೆಯಲ್ಲಿ ಹಿಂದಕ್ಕೆ ಒತ್ತಿದ ಹಾಯಿ ಕಂಡಿದ್ದರೆ ಇದನ್ನೂ ಹುಡುಕಿ. ಎರಡೂ ಜೊತೆಗೆ ಸಿಕ್ಕಾಗ ಆಗುವ ಖುಷಿಯೇ ಬೇರೆ.

ಇನ್ನು ಮೇಲಿಂದ ಕೆಳಗೆ ತೋರಣದ ಹಾಗೆ ಇಳಿಬಿಟ್ಟ ಬಣ್ಣಬಣ್ಣದ ಬಾವುಟಗಳು. ಅಲಂಕಾರ ಅಂದುಕೊಳ್ಳಬೇಡಿ. ಅದು ಹಡಗಿನ ನಂಬರ್ ಪ್ಲೇಟ್. 1817ರಲ್ಲಿ ಕ್ಯಾಪ್ಟನ್ ಫ್ರೆಡೆರಿಕ್ ಮ್ಯಾರಿಯಟ್ ವ್ಯಾಪಾರಿ ಹಡಗುಗಳಿಗಾಗಿ ಒಂದು ಸಂಕೇತ ಪುಸ್ತಕ ಹೊರತಂದ. ಅದರಲ್ಲಿ 0ಯಿಂದ 9ರ ತನಕ ಒಂದೊಂದು ಅಂಕಿಗೆ ಒಂದೊಂದು ಬಾವುಟ. ಪ್ರತಿ ಹಡಗಿಗೂ ಒಂದು ಸಂಖ್ಯೆ. ಬಾವುಟಗಳನ್ನು ಮೇಲಿಂದ ಕೆಳಗೆ ಓದಿ, ಸಂಖ್ಯೆ ಬರೆದುಕೊಂಡು, ಆ ಪುಸ್ತಕದ ಪಟ್ಟಿಯಲ್ಲಿ ನೋಡಿದರೆ ಹೆಸರು ಸಿಗುತ್ತದೆ. ಹಳೇ ಮುದ್ರಣಗಳ ಸ್ಕ್ಯಾನ್ ಆನ್‌ಲೈನ್‌ನಲ್ಲಿವೆ. 1857ರಲ್ಲಿ ಹೊಸ ಪದ್ಧತಿ ಬಂತು. ಅದರಲ್ಲಿ 18 ಬಾವುಟ, ಎಲ್ಲವೂ ಇಂಗ್ಲಿಷ್ ವ್ಯಂಜನಗಳು. ಒಂದೂ ಸ್ವರ ಇಲ್ಲ. ಹಡಗಿನ ಹೆಸರಿಗೆ ನಾಲ್ಕು ಬಾವುಟ. ಸ್ವರ ಯಾಕಿಲ್ಲ ಗೊತ್ತಾ? ಸ್ವರ ಇದ್ದರೆ ನಾಲ್ಕಕ್ಷರದಲ್ಲಿ ಯಾವುದೋ ಭಾಷೆಯ ಕೆಟ್ಟ ಬೈಗುಳ ಮೇಲೇರಿ ಹಾರಾಡಬಹುದು ಅನ್ನುವ ಭಯ!

ಹಾಗಾಗಿ ನೆನಪಿಡಿ: ಬಾವುಟ ಅಂಕಿಗಳಾಗಿ ಓದಿಸಿಕೊಂಡರೆ 1817ರ ನಂತರ, ನಾಲ್ಕು ಅಕ್ಷರಗಳಾಗಿ ಓದಿಸಿಕೊಂಡರೆ 1857ರ ನಂತರ.

ಐದನೇ ಹೆಜ್ಜೆ: ಇದು ಯಾವ ಬಂದರು?

ಹಡಗನ್ನು ಬಿಟ್ಟು ದಡಕ್ಕೆ ಹೋಗಿ. ದೀಪಸ್ತಂಭ ಇದ್ದರೆ ಅದೃಷ್ಟ. ಆಕಾರ, ಬಣ್ಣ, ಅದು ನಿಂತಿರುವ ಬಂಡೆ ಮೂರನ್ನೂ ಗಮನಿಸಿ. ದೀಪಸ್ತಂಭಕ್ಕೆ ಹುಟ್ಟಿದ ದಿನ ಇರುತ್ತದೆ. ನಮ್ಮ ಕಾಪು ದೀಪಸ್ತಂಭ 1901ರದ್ದು. ಅದು ಕಾಣುವ ಚಿತ್ರವನ್ನು ಯಾರಾದರೂ "1870ರದ್ದು ಸಾರ್" ಅಂತ ಮಾರಲು ಬಂದರೆ ನಗಬಹುದು. ಅದೇ ಲೆಕ್ಕ ಲಿವರ್‌ಪೂಲ್‌ಗೂ. ಮರ್ಸಿ ನದಿಯ ಅಳಿವೆಯಲ್ಲಿ, ನ್ಯೂ ಬ್ರೈಟನ್ ದಡದ ಪಕ್ಕ ಪರ್ಚ್ ರಾಕ್ ಅಂತ ಒಂದು ಬಂಡೆ. ಅಲ್ಲಿ ಮೊದಲು ಮರದ ಕಂಬದ ಗುರುತು ಮಾತ್ರ ಇತ್ತು. 1827ರಲ್ಲಿ ಕಲ್ಲಿನ ಗೋಪುರ ಕಟ್ಟಲು ಶುರು ಮಾಡಿದರು, 1830ರ ಮಾರ್ಚ್ 1ರಂದು ದೀಪ ಹಚ್ಚಿದರು. ಪಕ್ಕದಲ್ಲೇ ತಗ್ಗಾದ ಕೋಟೆ. ಲಿವರ್‌ಪೂಲ್ ಚಿತ್ರಗಳಲ್ಲಿ ಬುಡ ದಪ್ಪಗೆ, ಮೇಲೆ ಸಣ್ಣಗಾಗುತ್ತಾ ಹೋಗುವ ಆ ಬಿಳಿ ಗೋಪುರ ಮತ್ತೆ ಮತ್ತೆ ಸಿಗುತ್ತದೆ.

ಆ ಗೋಪುರದ ಬುಡವನ್ನೇ ಜೂಮ್ ಮಾಡಿ. ನೀರು ಇಳಿದಾಗ ಅಲ್ಲಿಗೆ ನಡೆದುಕೊಂಡೇ ಹೋಗಬಹುದು, ಏರಿದಾಗ ಸುತ್ತ ಸಮುದ್ರ. ಲಿವರ್‌ಪೂಲಿನಲ್ಲಿ ಭರತ ಇಳಿತದ ಅಂತರ ದೊಡ್ಡ ದಿನಗಳಲ್ಲಿ ಸುಮಾರು 10 ಮೀಟರ್. ನಮ್ಮ ಕರಾವಳಿಯವರಿಗೆ ಇದು ನಂಬಲು ಕಷ್ಟ, ಇಲ್ಲಿ ಎರಡು ಮೀಟರ್ ದಾಟಿದರೆ ಜಾಸ್ತಿ. ಅಷ್ಟು ನೀರು ಏರಿ ಇಳಿಯುವ ಕಡೆ ಧಕ್ಕೆಗೆ ಹಡಗು ಕಟ್ಟಿ ಸಾಮಾನು ಇಳಿಸುವುದು ಹೇಗೆ? ಅದಕ್ಕೇ ಅಲ್ಲಿ 1715ರಲ್ಲೇ ಬಾಗಿಲು ಹಾಕಿ ನೀರು ಹಿಡಿದಿಡುವ ಡಾಕ್ ಕಟ್ಟಿದರು. ಬಾಗಿಲು ತೆರೆಯುವುದು ನೀರು ಏರಿದಾಗ. ಹಡಗು ಹೊರಡುವುದೂ, ಒಳಗೆ ಬರುವುದೂ ಆಗಲೇ. ಚಿತ್ರದಲ್ಲಿ ಗೋಪುರದ ಬುಡ ನೀರಲ್ಲಿ ಮುಳುಗಿದ್ದು ಒಂದೇ ಸಲ ಹಲವು ಹಡಗು ಓಡಾಡುತ್ತಿದ್ದರೆ, ಅದು ಸುಮ್ನೆ ತುಂಬಿಸಿದ್ದಲ್ಲ. ಬಾಗಿಲು ತೆರೆದ ಹೊತ್ತು ಅದು.

ಇನ್ನೊಂದು ಹಿನ್ನೆಲೆ ಪದೇ ಪದೇ ಬರುತ್ತದೆ. ಕಡಿದಾದ ಬಂಡೆ, ಅದರ ತುದಿಯಲ್ಲಿ ಬಿಳಿ ದೀಪಸ್ತಂಭ. ಅದು ವೇಲ್ಸ್‌ನ ಹೋಲಿಹೆಡ್ ಹತ್ತಿರದ ಸೌತ್ ಸ್ಟ್ಯಾಕ್, 1809ರದ್ದು. ಲಿವರ್‌ಪೂಲ್ ಹಡಗನ್ನು ಅಷ್ಟು ದೂರದ ಬಂಡೆಯ ಮುಂದೆ ಯಾಕೆ ನಿಲ್ಲಿಸುತ್ತಿದ್ದರು ಅಂತ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಉತ್ತರ ಗುಡ್ಡದ ಮೇಲಿತ್ತು. 1827ರಿಂದ ಹೋಲಿಹೆಡ್‌ನಿಂದ ಲಿವರ್‌ಪೂಲ್ ತನಕ ಗುಡ್ಡದಿಂದ ಗುಡ್ಡಕ್ಕೆ ಕೈಮರ ಆಡಿಸಿ ಸುದ್ದಿ ಕಳಿಸುವ ಸಾಲು ಇತ್ತು. ತಂತಿ ಇನ್ನೂ ಬಂದಿರಲಿಲ್ಲ. ತಿಂಗಳುಗಟ್ಟಲೆ ಕಡಲಲ್ಲಿದ್ದ ಹಡಗು ಆ ಬಂಡೆಯ ಮುಂದೆ ತನ್ನ ಸಂಖ್ಯೆಯ ಬಾವುಟ ಏರಿಸುತ್ತಿತ್ತು. ಗುಡ್ಡದವರು ದುರ್ಬೀನಿನಲ್ಲಿ ಓದುತ್ತಿದ್ದರು. ಕೆಲವೇ ನಿಮಿಷದಲ್ಲಿ ಲಿವರ್‌ಪೂಲಿನ ಮಾಲೀಕನಿಗೆ ಗೊತ್ತಾಗುತ್ತಿತ್ತು: ನನ್ನ ಹಡಗು ಮುಳುಗಿಲ್ಲ, ಬಂತು. ಗೋಡೆಗೆ ತೂಗುಹಾಕಲು ಮಾಲೀಕನಿಗೆ ಇದಕ್ಕಿಂತ ಒಳ್ಳೇ ಗಳಿಗೆ ಬೇಕಾ? ತೋರಣದ ಬಾವುಟ, ಸೌತ್ ಸ್ಟ್ಯಾಕ್ ಎರಡೂ ಒಟ್ಟಿಗೆ ಕಂಡರೆ ಅದು ಆ ಗಳಿಗೆ.

ಆರನೇ ಹೆಜ್ಜೆ: ಸಣ್ಣವು

ದೋಣಿಗಳನ್ನು ಒಂದೊಂದಾಗಿ ನೋಡಿ. ಹಾಯಿ ಮೇಲೆ ದೊಡ್ಡ ಅಂಕಿ ಇದ್ದರೆ ಅದು ಪೈಲಟ್ ದೋಣಿ ಇರಬಹುದು, ನ್ಯೂಯಾರ್ಕ್ ಚಿತ್ರಗಳಲ್ಲಿ ಇದು ಸಾಮಾನ್ಯ. ಪಕ್ಕದಲ್ಲಿ ಚಕ್ರ ತಿರುಗಿಸುತ್ತಾ ಹೊಗೆ ಬಿಡುವ ಕುಳ್ಳ ಹಡಗು ಟಗ್, ಗಾಳಿ ಇಲ್ಲದಾಗ ಹಾಯಿಹಡಗನ್ನು ಎಳೆಯಲು. ಹಡಗಿನ ಅಟ್ಟದ ಮೇಲೆ ಕಡ್ಡಿಯ ಹಾಗೆ ನಿಂತ ಜನರನ್ನೂ ನೋಡಿ. ಹಿಂಭಾಗದಲ್ಲಿ ಎತ್ತರದ ಟೋಪಿ ಹಾಕಿದವನು ಕ್ಯಾಪ್ಟನ್ನೋ ಪೈಲಟ್ಟೋ ಇರಬೇಕು. ಮನುಷ್ಯನ ಎತ್ತರವನ್ನು ಅಳತೆಗೋಲು ಮಾಡಿಕೊಂಡು ಹಡಗಿನ ಉದ್ದ ಅಂದಾಜು ಮಾಡಿ. ಅನೇಕ ಸಲ ಉತ್ತರ ನಗು ಬರಿಸುವಷ್ಟು ದೊಡ್ಡದು. ಮಾಲೀಕನ ದುಡ್ಡಿಗೆ ಹಡಗೂ ಒಂಚೂರು ಬೆಳೆಯುತ್ತಿತ್ತು.

ಇನ್ನೊಂದು ತಮಾಷೆ. ಪಕ್ಕದಲ್ಲೋ ದೂರದಲ್ಲೋ ಅದೇ ತರದ ಇನ್ನೊಂದು ಹಡಗು, ಬೆನ್ನು ತೋರಿಸುತ್ತಾ ಹೋಗುತ್ತಿರುತ್ತದೆ. ಅದೇ ಬಣ್ಣ, ಅದೇ ಮಾಲೀಕರ ಬಾವುಟ. ಅವಳಿ ಹಡಗಲ್ಲ ಅದು. ಅದೇ ಹಡಗು, ಎರಡನೇ ಸಲ. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಹಿಂದಿನಿಂದ ಒಂದು ಅಂತ ಒಂದೇ ಕ್ಯಾನ್ವಾಸಿನಲ್ಲಿ ತೋರಿಸುವುದು ಈ ಕಸುಬಿನ ಹಳೇ ರೂಢಿ. ಸೂರ್ಯಾಸ್ತ ನೋಡಲು ಬಂದ ನಮಗೆ ವಿಚಿತ್ರ, ಹಡಗಿನ ಮಾಲೀಕನಿಗೆ ಸರಿಯಾದ ಲೆಕ್ಕ.

ಏಳನೇ ಹೆಜ್ಜೆ: ಹೆಸರು ಸಿಕ್ಕರೆ

ಹೆಸರು ಹಡಗಿನ ಮೂತಿಯಲ್ಲೋ, ಹಿಂಭಾಗದಲ್ಲೋ, ಉದ್ದನೆಯ ಪತಾಕೆಯ ಮೇಲೋ ಬರೆದಿರುತ್ತದೆ. ಸಿಕ್ಕ ಕೂಡಲೇ ಗೂಗಲ್ ಮಾಡಿ ಮೊದಲು ಬಂದದ್ದನ್ನು ನಂಬಬೇಡಿ. ಒಂದೇ ಹೆಸರಿನ ಹತ್ತಾರು ಹಡಗುಗಳಿದ್ದವು. ಮೇರಿ, ಎಲಿಜಬೆತ್ ಅಂತ ಹುಡುಕಿದರೆ ನಮ್ಮ ಕಡೆ ಲಕ್ಷ್ಮಿ ಅಂತ ಹುಡುಕಿದ ಹಾಗೆ. ಹಡಗುಗಳ ಪಟ್ಟಿಯ ಪುಸ್ತಕ ಲಾಯ್ಡ್ಸ್ ರಿಜಿಸ್ಟರ್‌ನ ಹಳೇ ಸಂಪುಟಗಳು ಸ್ಕ್ಯಾನ್ ಆಗಿ ಪುಕ್ಕಟೆ ಸಿಗುತ್ತವೆ. 1764ರಿಂದ ಇವೆ. ಸಾಲು ಸಾಲಾಗಿ ಹಡಗಿನ ಹೆಸರು, ಬಗೆ, ಕ್ಯಾಪ್ಟನ್, ಟನ್ ಲೆಕ್ಕ, ಕಟ್ಟಿದ ಊರು, ವರ್ಷ, ಮಾಲೀಕ ಎಲ್ಲ ಇರುತ್ತದೆ. ನೀವು ಮೂರನೇ ಹೆಜ್ಜೆಯಲ್ಲಿ ಬರೆದಿಟ್ಟ "ಬಾರ್ಕ್" ಅಥವಾ "ಬ್ರಿಗ್" ಈಗ ಕೆಲಸಕ್ಕೆ ಬರುತ್ತದೆ. 1855ರಿಂದ ಬ್ರಿಟಿಷ್ ಹಡಗುಗಳಿಗೆ ಒಂದು ಅಧಿಕೃತ ಸಂಖ್ಯೆ ಕೊಟ್ಟರು. ಹೆಸರು ಬದಲಾದರೂ ಮಾಲೀಕ ಬದಲಾದರೂ ಅದು ಬದಲಾಗದು. ಬಾವುಟದ ನಾಲ್ಕಕ್ಷರ ಸಿಕ್ಕಿದ್ದರೆ ಕ್ರೂ ಲಿಸ್ಟ್ ಇಂಡೆಕ್ಸ್ ಪ್ರಾಜೆಕ್ಟ್ ತಾಣದಲ್ಲಿ ಅದರಿಂದಲೇ ಹುಡುಕಬಹುದು.

ಕಟ್ಟಿದ ಊರಿನ ಕಾಲಂನಲ್ಲಿ ಆಗಾಗ ಬಾಂಬೆ, ಕಲ್ಕತ್ತಾ ಅಂತ ಕಂಡರೆ ಆಶ್ಚರ್ಯ ಬೇಡ. ಬಾಂಬೆಯ ತೇಗದ ಹಡಗಿಗೆ ಆಗ ಒಳ್ಳೇ ಹೆಸರಿತ್ತು. ಅಲ್ಲಿಗೆ ತೇಗ ಹೋಗುತ್ತಿದ್ದದ್ದು ಮಲಬಾರ್, ಕೆನರಾ ಕಡೆಯ ಕಾಡುಗಳಿಂದ. 1817ರಲ್ಲಿ ಬಾಂಬೆಯಲ್ಲಿ ಕಟ್ಟಿದ ಟ್ರಿಂಕಾಮಲೀ ಅನ್ನುವ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ.

ಮನೆಯಲ್ಲೇ ಅಂತಹ ಚಿತ್ರ ಇದ್ದರೆ

ಭೂತಗನ್ನಡಿ ಹಿಡಿದು ನೋಡಿ. ಸಣ್ಣ ಸಣ್ಣ ಬಣ್ಣದ ಚುಕ್ಕಿಗಳು ಹೂವಿನ ಹಾಗೆ ಜೋಡಿಸಿದಂತೆ ಕಂಡರೆ ಅದು ಮುದ್ರಣ, ಬಣ್ಣದ ಚಿತ್ರವಲ್ಲ. ದೊಡ್ಡಮ್ಮನದ್ದು ಹೀಗೇ. ಬಿರುಕು ಇದೆ ಅಂತ ಹಳೇದು ಅಂದುಕೊಳ್ಳಬೇಡಿ. ಬಿರುಕನ್ನೂ ಮಾಡಿ ಮಾರುತ್ತಾರೆ. ನಿಜವಾದ ತೈಲಚಿತ್ರವೇ ಆಗಿದ್ದರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಯೂಟ್ಯೂಬ್ ನೋಡಿ ಆಲೂಗಡ್ಡೆ ಉಜ್ಜಬೇಡಿ. ಹಿಂಭಾಗದ ಫೋಟೋ ತೆಗೆಯಿರಿ, ಚೀಟಿ, ಮುದ್ರೆ, ಅಂಗಡಿ ಹೆಸರು ಏನಿದ್ದರೂ ಕೀಳಬೇಡಿ. 100 ವರ್ಷ ದಾಟಿದ ಚಿತ್ರ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ವಿದೇಶದಲ್ಲಿರುವ ಮಗನಿಗೆ ಕೊರಿಯರ್ ಮಾಡುವ ಹಾಗಿಲ್ಲ.

ಕೊನೇ ಹೆಜ್ಜೆ: ಬೇಕೆಂದೇ ಸುಳ್ಳು ಹೇಳುವ ಚಿತ್ರ

ಇಷ್ಟು ಕಲಿತ ಮೇಲೆ ಒಂದು ಪರೀಕ್ಷೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಇಂಗ್ಲಿಷ್ ಚಿತ್ರಕಾರ ಟರ್ನರ್‌ನ "ದಿ ಫೈಟಿಂಗ್ ಟೆಮೆರೇರ್" ತೆರೆಯಿರಿ. 1839ರಲ್ಲಿ ಮೊದಲು ಪ್ರದರ್ಶನ ಕಂಡದ್ದು. ಸುಮಾರು 90 ಸೆಂಟಿಮೀಟರ್ ಎತ್ತರ, 120 ಅಗಲ, ಅಷ್ಟೇ. 1805ರ ಟ್ರಫಾಲ್ಗರ್ ಕಾಳಗದಲ್ಲಿ ಹೋರಾಡಿದ 98 ಫಿರಂಗಿಯ ಹಡಗನ್ನು ಒಂದು ಟಗ್ ಥೇಮ್ಸ್ ನದಿಯಲ್ಲಿ ಎಳೆದುಕೊಂಡು ಹೋಗುತ್ತಿದೆ. ಗುಜರಿಗೆ.

ಇದು ಮಾಲೀಕ ದುಡ್ಡು ಕೊಟ್ಟು ಬರೆಸಿದ ಭಾವಚಿತ್ರ ಅಲ್ಲ. ಹಾಗಾಗಿ ಎಲ್ಲ ಕಡೆ ಲೆಕ್ಕ ತಪ್ಪುತ್ತದೆ. 1838ರ ಸೆಪ್ಟೆಂಬರಿನಲ್ಲಿ ನಿಜವಾಗಿ ಎಳೆದದ್ದು ಎರಡು ಟಗ್, ಇಲ್ಲಿರುವುದು ಒಂದು. ಹೊರಡುವ ಮೊದಲೇ ಕೂವೆಮರಗಳನ್ನು ತೆಗೆದಾಗಿತ್ತು, ಇಲ್ಲಿ ಮೂರೂ ನಿಂತಿವೆ. ಥೇಮ್ಸ್ ಅಳಿವೆಯ ಶೀರ್‌ನೆಸ್‌ನಿಂದ ಲಂಡನ್ನಿನ ರಾದರ್‌ಹೈತ್‌ಗೆ ಹೋಗುವುದು ಪಶ್ಚಿಮಕ್ಕೆ. ಮುಳುಗುವ ಸೂರ್ಯ ಎದುರಿಗೆ ಇರಬೇಕಿತ್ತು. ಇಲ್ಲಿ ಬೆನ್ನ ಹಿಂದೆ. ಟಗ್‌ನ ಹೊಗೆ ಕೊಳವೆ ಕೂಡ ಇರಬೇಕಾದ ಜಾಗ ಬಿಟ್ಟು ಕಂಬದ ಮುಂದಕ್ಕೆ ಬಂದಿದೆ. ಮುಂದೆ ಇದನ್ನು ಅಚ್ಚಿಗೆ ಕೆತ್ತಿದವನು ಕೊಳವೆಯನ್ನು "ಸರಿಯಾದ" ಜಾಗಕ್ಕೆ ಸರಿಸಿಬಿಟ್ಟ.

ಸುಳ್ಳುಗಳನ್ನು ಪಟ್ಟಿ ಮಾಡಿ ಆಯಿತೇ? ಈಗ ಮತ್ತೆ ಮೊದಲ ಹೆಜ್ಜೆಗೆ ಬನ್ನಿ. ಹಾಳೆ ತಗೊಳ್ಳಿ, ಗಾಳಿಗೆ ಬಾಣ ಬರೆಯಲು ನೋಡಿ. ನೀರು ಕನ್ನಡಿಯ ಹಾಗೆ ನಿಂತಿದೆ. ಹಡಗಿನ ಹಾಯಿಗಳೆಲ್ಲ ಮಡಿಚಿ ಅಡ್ಡಮರಕ್ಕೆ ಕಟ್ಟಿವೆ. ಟಗ್‌ನ ಹೊಗೆ ಹಿಂದಕ್ಕೆ ಹಾಯುತ್ತಿದೆ, ಆದರೆ ಅದು ಟಗ್‌ನ ಸ್ವಂತ ಓಟದ ಗಾಳಿ, ಲೆಕ್ಕಕ್ಕಿಲ್ಲ. ನಾನು ಇದನ್ನು ಅಜ್ಜನಿಗೆ ತೋರಿಸಿದಾಗ ಅವರು ಬಹಳ ಹೊತ್ತು ಹುಡುಕಿದರು. ಕೊನೆಗೆ ಫೋನ್ ವಾಪಸ್ ಕೊಟ್ಟು, "ಇದಕ್ಕೆ ಗಾಳಿಯೇ ಇಲ್ಲ ಮಾರಾಯ" ಅಂದರು.